ದಂಡ ಹಾಕುವ ಮೊದಲು ನೀರು ಬಿಡಿ

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆಯಲ್ಲಿ ಸೊಳ್ಳೆ ಮರಿ ಮಾಡುವಂತೆ ಬಿಟ್ಟರೆ ದಂಡ ಅಂತಲೂ ನಿಯಮ ತಂದಿತು. ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಆವತ್ತಿನಿಂದ ಈ ವಿಷಯ ನನ್ನ ತಲೆ ಕೊರೆಯುತ್ತಿದೆ. ಸೊಳ್ಳೆಗೆ ಜಾಗ ಕೊಡಬೇಡಿ ಅನ್ನುವುದು ಸರಿಯಾದ ಮಾತೇ. ಆದರೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ನೀರು ತುಂಬಿಡದೆ ಸಂಸಾರ ಮಾಡುವುದು ಹೇಗೆ ಅಂತ ಯಾರಾದರೂ ಹೇಳಬೇಕಲ್ವಾ?

ನಮ್ಮ ಜಿಲ್ಲೆಗೆ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಆದರೂ ನಮ್ಮ ಓಣಿಗೆ ನಳದ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ವಾರ ದಾಟುತ್ತದೆ. ಬರುವ ಹೊತ್ತೂ ಗೊತ್ತಿರುವುದಿಲ್ಲ. ಒಮ್ಮೆ ನಸುಕಿನಲ್ಲಿ, ಒಮ್ಮೆ ರಾತ್ರಿ ಊಟದ ಹೊತ್ತಿಗೆ. ನೀರು ಬಂತು ಅಂದರೆ ಮನೆಯಲ್ಲಿರುವ ಡ್ರಮ್ಮು, ಕೊಡ, ಹರವಿ, ಬಕೆಟ್ಟು, ದನದ ಬಾನಿ ಎಲ್ಲವೂ ತುಂಬಬೇಕು. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಆ ದಿನದ ಕೂಲಿಯನ್ನೇ ಬಿಟ್ಟು ನಿಲ್ಲುತ್ತಾರೆ. ಇದು ಅವರ ಅಸಡ್ಡೆ ಅಲ್ಲ, ಮನೆ ನಡೆಸುವ ಜಾಣತನ.

ಈಗ ಸೊಳ್ಳೆಯ ಕಡೆ ನೋಡಿ. ಡೆಂಗ್ಯೂ, ಚಿಕುನ್‌ಗುನ್ಯ, ಜಿಕಾ ಮೂರನ್ನೂ ಹರಡುವುದು ಈಡಿಸ್ ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಹಗಲು ಕಚ್ಚುತ್ತದೆ. ಇದು ಗಟಾರದ ಸೊಳ್ಳೆ ಅಲ್ಲ, ಮನೆಯೊಳಗಿನ ತಿಳಿನೀರಿನ ಸೊಳ್ಳೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಇಟ್ಟು ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಅಂದರೆ ನೀರು ಬರುವ ಗಡುವೂ ಸೊಳ್ಳೆ ಬೆಳೆಯುವ ಗಡುವೂ ಹೆಚ್ಚುಕಡಿಮೆ ಒಂದೇ. ಮೇಲಾಗಿ ಡ್ರಮ್ಮಿನ ತಳದ ನೀರನ್ನು ಯಾರೂ ಚೆಲ್ಲುವುದಿಲ್ಲ. ಅದರ ಮೇಲೆಯೇ ಹೊಸ ನೀರು ಬೀಳುತ್ತದೆ.

ಬೆಳಗ್ಗೆ ಮೊಬೈಲ್ ಟಾರ್ಚ್ ಹಾಕಿ ನಿಮ್ಮ ಡ್ರಮ್ಮಿನೊಳಗೆ ಒಂದು ಸಲ ನೋಡಿ. ಸಣ್ಣ ಕಂದು ಹುಳಗಳು ತಲೆ ಕೆಳಗೆ ಮಾಡಿ, ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ನೇತಾಡುತ್ತಿರುತ್ತವೆ. ಉಸಿರಾಡುವುದು ಆ ತುದಿಯಿಂದಲೇ. ಡ್ರಮ್ಮಿಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟರೆ ಎಲ್ಲವೂ ಡೊಂಕುಡೊಂಕಾಗಿ ತಳಕ್ಕೆ ಓಡುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬರುತ್ತವೆ. ಮೊಟ್ಟೆ ಇರುವುದು ಇನ್ನೂ ಮೇಲೆ, ನೀರಿನ ಗೆರೆಗಿಂತ ತುಸು ಮೇಲಿನ ಒಳಗೋಡೆಯಲ್ಲಿ. ಕಪ್ಪು ಚುಕ್ಕಿಯಷ್ಟೇ ಇರುತ್ತವೆ. ಡ್ರಮ್ ಒಣಗಿಸಿಟ್ಟರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ತಾಗಿದ ಕೂಡಲೇ ಮರಿಯಾಗುತ್ತದೆ. ಹಾಗಾಗಿ ಸುಮ್ನೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರು ಹಾಕಿ ಗಸಗಸ ತಿಕ್ಕಬೇಕು.

ಒಮ್ಮೆ ಆಶಾ ಅಕ್ಕ ನಮ್ಮ ಓಣಿಗೆ ಲಾರ್ವಾ, ಅಂದರೆ ಸೊಳ್ಳೆಮರಿಯ ಸಮೀಕ್ಷೆಗೆ ಬಂದಿದ್ದರು. "ಯಕ್ಕಾ, ಹುಳ ಆಗ್ಯಾವ ನೋಡ್ರಿ, ಈ ನೀರು ಚೆಲ್ಲಿಬಿಡ್ರಿ" ಅಂದರು. ಮನೆಯವಳು ಕೇಳಿದಳು: "ಚೆಲ್ತೀನ್ರಿ ಯಕ್ಕಾ. ನಾಳಿಗೆ ಅರಿವಿ ಯಾತರಾಗ ಒಗೀಲಿ? ನಳ ಯಾವಾಗ ಬರ್ತೈತಿ ಹೇಳಿ ಹೋಗ್ರಿ." ಆಶಾ ಅಕ್ಕ ಏನೂ ಹೇಳಲಿಲ್ಲ. ಅವರ ಮನೆಯಲ್ಲೂ ಅಂಥದೇ ಡ್ರಮ್ಮಿದೆ. ಇಬ್ಬರೂ ಸೇರಿ ಹಳೆಯ ಸೀರೆಯಲ್ಲಿ ನೀರು ಸೋಸಿದರು. ಇಂಥ ಇಬ್ಬರು ಹೆಣ್ಣುಮಕ್ಕಳ ತಲೆಗೆ ಇಡೀ ರೋಗದ ಹೊಣೆ ಕಟ್ಟುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಡೆಂಗ್ಯೂ, ಚಿಕುನ್‌ಗುನ್ಯ, ಜಿಕಾ ಮೂರರದ್ದೂ ಆರ್‌ಎನ್‌ಎ ವೈರಸ್‌ಗಳು. ಅಂದರೆ ಇವುಗಳ ವಂಶದ ಬರಹ ಇರುವುದು ನಮ್ಮಂತೆ ಡಿಎನ್‌ಎಯಲ್ಲಲ್ಲ, ಆರ್‌ಎನ್‌ಎಯಲ್ಲಿ. ಬರೆದದ್ದನ್ನು ತಿರುಗಿ ಓದದ ಹುಡುಗ ಕಾಪಿ ಬರೆದಂತೆ ಇವು ತಮ್ಮ ನಕಲು ತೆಗೆಯುತ್ತವೆ. ತಪ್ಪು ಜಾಸ್ತಿ, ತಿದ್ದುವವರಿಲ್ಲ. ಬಹಳಷ್ಟು ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಆದರೆ ಒಮ್ಮೊಮ್ಮೆ ಒಂದು ತಪ್ಪು ಅದಕ್ಕೆ ಲಾಭ ತರುತ್ತದೆ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಚಿಕುನ್‌ಗುನ್ಯ ವೈರಸ್ಸಿಗೆ ಆದದ್ದು ಅದೇ. ಮೈಮೇಲಿನ ಪ್ರೋಟೀನಿನಲ್ಲಿ ಒಂದೇ ಒಂದು ಬದಲಾವಣೆ. ಅಷ್ಟರಿಂದಲೇ ಅದಕ್ಕೆ ಈಡಿಸ್‌ನ ಇನ್ನೊಂದು ಜಾತಿಯಾದ ಹುಲಿಸೊಳ್ಳೆಯಲ್ಲೂ ಚೆನ್ನಾಗಿ ಬೆಳೆಯಲು ಸಾಧ್ಯವಾಯಿತು. 2007ರ ಹೊತ್ತಿಗೆ ಅದೇ ಬದಲಾವಣೆ ಕೇರಳದಲ್ಲೂ ಕಂಡಿತು. ನಮ್ಮ ಕಡೆಯವರಿಗೆ 2006 ನೆನಪಿರಬೇಕು. ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕುನ್‌ಗುನ್ಯ ಶಂಕೆ ಇತ್ತು, ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕರ್ನಾಟಕದಲ್ಲಿ. ಜ್ವರ ಬಿಟ್ಟು ತಿಂಗಳುಗಳಾದರೂ ಮೊಣಕಾಲು, ಮಣಿಕಟ್ಟು ಹಿಡಿದುಕೊಂಡು ಗೋಡೆ ಆಸರೆಯಲ್ಲಿ ಏಳುತ್ತಿದ್ದ ಹಿರಿಯರು ಎಷ್ಟು ಮಂದಿ!

ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಅದರಿಂದ ರಕ್ಷಣೆ ಸಿಗುತ್ತದೆ. ಆದರೆ ಮುಂದೆ ಬೇರೆ ಬಗೆ ಬಂದರೆ ರೋಗ ಜೋರಾಗುವ ಅಪಾಯ ಹೆಚ್ಚು. ಹಾಗಾಗಿ ಒಮ್ಮೆ ಬಂದು ಹೋಯ್ತು, ಇನ್ನು ಚಿಂತೆ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ದೇಶದಲ್ಲೇ ತಯಾರಾದ ಒಂದು ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರಲ್ಲಿ ಶುರುವಾಯಿತು, ಒಳ್ಳೆಯದಾಗಲಿ. ಇನ್ನು ಜಿಕಾ. 1947ರಲ್ಲಿ ಉಗಾಂಡದ ಕಾಡಿನ ಕೋತಿಯೊಂದರಲ್ಲಿ ಮೊದಲು ಸಿಕ್ಕ ವೈರಸ್ ಅದು. ಬಸುರಿಯರಿಗೆ ತಗುಲಿದರೆ ಹುಟ್ಟುವ ಕೂಸಿನ ಮಿದುಳಿಗೇ ಪೆಟ್ಟು ಬೀಳಬಹುದು. ಕರ್ನಾಟಕದ ಮೊದಲ ಜಿಕಾ ಕೇಸು 2022ರ ಡಿಸೆಂಬರ್‌ನಲ್ಲಿ ಖಚಿತವಾದದ್ದು ನಮ್ಮದೇ ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ಐದು ವರ್ಷದ ಮಗುವಿನಲ್ಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ ವರದಿ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಅದೇ ಸೊಳ್ಳೆ, ಅದೇ ನೀರು ಇರುವಾಗ ವೈರಸ್ ಮಾತ್ರ ಬಾರದೆ ಇರುತ್ತದೆಯೇ?

ಜ್ವರ ಬಂದಮೇಲೆ ನಾವು ಮಾಡುವುದೂ ಸರಿ ಇಲ್ಲ. ನಮ್ಮಲ್ಲಿ ಡಾಕ್ಟ್ರು ಸೂಜಿ ಮಾಡದಿದ್ದರೆ, ಸಲೈನ್ ಹಚ್ಚದಿದ್ದರೆ ತೋರಿಸಿಕೊಂಡು ಬಂದ ಸಮಾಧಾನವೇ ಇರುವುದಿಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಮೈಕೈ ನೋವಿಗೆ ಅಂತ ಕೊಡುವ ಡೈಕ್ಲೋಫೆನಾಕ್ ಸೂಜಿ, ಐಬುಪ್ರೊಫೆನ್ ಮಾತ್ರೆ ಡೆಂಗ್ಯೂ ಇದ್ದವರಿಗೆ ರಕ್ತಸ್ರಾವದ ಅಪಾಯ ತರುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಜೊತೆಗೆ ಗಂಜಿ, ಮಜ್ಜಿಗೆ, ಓಆರ್‌ಎಸ್. ಮೊದಲ ಐದು ದಿನದೊಳಗೆ ಡೆಂಗ್ಯೂ ಇದೆಯೇ ಅಂತ ರಕ್ತದಲ್ಲಿ ನೋಡುವ ಎನ್‌ಎಸ್1 ಪರೀಕ್ಷೆ ಮಾಡಿಸಿ. ಜ್ವರ ಇಳಿದ ದಿನವೇ ಕಣ್ಣಿಟ್ಟು ನೋಡಿ, ಆಮೇಲಿನ ಒಂದೆರಡು ದಿನವೇ ನಾಜೂಕು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ರಾತ್ರಿಯಾಗಿದೆ ಅಂತ ಕೂರದೆ ಆಸ್ಪತ್ರೆಗೆ ಹೊರಡಿ.

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ನಮ್ಮ ಕಣ್ಣೆದುರೇ ಇನ್ನೊಂದು ಆರ್‌ಎನ್‌ಎ ವೈರಸ್ಸಿನ ಕಥೆ ಇದೆ. ಜಪಾನೀಸ್ ಎನ್ಸೆಫಲೈಟಿಸ್ (ಜೆಇ), ಅಂದರೆ ಮಿದುಳು ಜ್ವರ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ನೀರು ನಿಂತ ಭತ್ತದ ಗದ್ದೆಯೇ ಅದರ ಕ್ಯೂಲೆಕ್ಸ್ ಸೊಳ್ಳೆಗೆ ತವರು. ಬೆಳ್ಳಕ್ಕಿಯಲ್ಲಿ, ಹಂದಿಯಲ್ಲಿ ವೈರಸ್ ಬೆಳೆದು ಸೊಳ್ಳೆಯಿಂದ ಮಕ್ಕಳಿಗೆ ತಗಲುತ್ತದೆ. ತಗುಲಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಮಿದುಳಿಗೆ ಏರಿದರೆ ಮಾತ್ರ ಜೀವ ಹೋಗಬಹುದು, ಉಳಿದರೂ ಕೈಕಾಲು, ಮಾತು ಮೊದಲಿನಂತೆ ಆಗದಿರಬಹುದು. ಗದ್ದೆ ಒಣಗಿಸಿ ಅಂತ ರೈತರಿಗೆ ಯಾರೂ ಹೇಳಲಿಲ್ಲ, ದಂಡವನ್ನೂ ಹಾಕಲಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಮಕ್ಕಳಿಗೆ ಲಸಿಕೆ ಕೊಡಲು ಶುರು ಮಾಡಿದರು. ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. 2013ರಲ್ಲಿ ಬಂದ ನಮ್ಮ ದೇಶದ್ದೇ ಲಸಿಕೆ ಜೆನ್‌ವ್ಯಾಕ್ ಅನ್ನು ಮಾಡಿದ್ದು ನಮ್ಮ ಕೋಲಾರದಲ್ಲಿ 1980ರ ದಶಕದ ಆರಂಭದಲ್ಲಿ ಸಿಕ್ಕ ವೈರಸ್ಸಿನಿಂದ. ತಾಯಿ ಕಾರ್ಡು ತೆಗೆದು ನೋಡಿ, ಜೆಇ ಅಂತ ಬರೆದ ಎರಡೂ ಸಾಲು ತುಂಬಿರಬೇಕು. ತಪ್ಪಿದ್ದರೆ ಅಂಗನವಾಡಿಯಲ್ಲಿ ಕೇಳಿ.

ಡೆಂಗ್ಯೂ ವಿಷಯದಲ್ಲೂ ಇಂಥ ಮನಸ್ಸು ಬೇಕು. ಫಾಗಿಂಗ್ ಗಾಡಿ ಬಂದು ಹೊಗೆ ಬಿಟ್ಟು ಹೋದರೆ ಹಾರುವ ಸೊಳ್ಳೆ ಸಾಯಬಹುದು, ಡ್ರಮ್ಮಿನೊಳಗಿನ ಹುಳಕ್ಕೆ ಏನೂ ಆಗದು. ನಾನು ಕೇಳುವುದು ಇಷ್ಟೇ. ಎರಡು ದಿನಕ್ಕೊಮ್ಮೆಯಾದರೂ ಗೊತ್ತಾದ ಹೊತ್ತಿಗೆ ನೀರು ಬಿಡಿ. ಆಗ ಇಷ್ಟೊಂದು ಡ್ರಮ್ ಇಡುವ ಅಗತ್ಯವೇ ಇರುವುದಿಲ್ಲ. ಅಲ್ಲಿಯವರೆಗೆ ದಂಡದ ರಸೀದಿಯ ಬದಲು ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಅಥವಾ ಜಾಳಿಗೆ ಕೊಡಿ, ತೊಟ್ಟಿಗಳಿಗೆ ಗಪ್ಪಿ ಮೀನು ಬಿಡಿ. ಜಲ ಜೀವನ್ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ಎಷ್ಟು ಮನೆಗೆ ನಳ ಹಾಕಿದ್ದೇವೆ ಅಂತ ಲೆಕ್ಕ ಕೊಡುವಾಗ ಎಷ್ಟು ದಿನಕ್ಕೊಮ್ಮೆ ಅದರಲ್ಲಿ ನೀರು ಬಂತು ಅನ್ನುವುದನ್ನೂ ಪಕ್ಕದಲ್ಲೇ ಬರೆಯಲಿ. ಅದೇ ಊರಿನ ಡೆಂಗ್ಯೂ ಕೇಸಿನ ಪಟ್ಟಿಯನ್ನೂ ಜೊತೆಗಿಟ್ಟು ನೋಡಲಿ.

ರಾಯಚೂರು, ಕೊಪ್ಪಳ, ಬಳ್ಳಾರಿಯ ಗೆಳೆಯರೇ, ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಈ ಸಲ ಎಷ್ಟು ಮನೆಯಲ್ಲಿ ಜ್ವರ ಇತ್ತು, ಕೆಳಗೆ ಬರೆಯಿರಿ. ಊರಿನ ಹೆಸರು ಸಾಕು, ರೋಗಿಗಳ ಹೆಸರು ಬೇಡ. ಎಲ್ಲವನ್ನೂ ಒಟ್ಟುಮಾಡಿ, ಒಂದು ಪ್ರತಿಯನ್ನು ಆರೋಗ್ಯ ಇಲಾಖೆಗೆ, ಇನ್ನೊಂದನ್ನು ನೀರು ಬಿಡುವವರಿಗೆ ಕೊಟ್ಟು ಬರುತ್ತೇನೆ.