ಐದು ವರ್ಷದವರೆಗೆ ಯಾಕೆ ಕಾಯಬೇಕು?

ಮಕ್ಕಳ ಮಾತಿನ ಬಗೆಗಿನ ನಿಮ್ಮ ಲೇಖನದಲ್ಲಿ 'ಐದು ವರ್ಷದವರೆಗೆ ಮಾತು ಸ್ಪಷ್ಟವಾಗದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ' ಎಂದು ಬರೆದಿದ್ದೀರಿ. ಒಪ್ಪೋದು ಕಷ್ಟ. 'ರ' ತಡವಾಗಿ ಬರುವುದು ಬೇರೆ, ಎಷ್ಟೋ ಮಕ್ಕಳಿಗೆ ಹಾಗೇ. ಆದರೆ 4 ವರ್ಷದ ಮಗುವಿನ ಮಾತು ಹೊರಗಿನವರಿಗೂ ಬಹುಪಾಲು ಅರ್ಥವಾಗಬೇಕು ಅಲ್ವಾ? ನನ್ನ ಮಗಳು ನಾಲ್ಕು ದಾಟಿದ ಮೇಲೂ 'ಕಾಗೆ'ಗೆ 'ತಾದೆ' ಅನ್ನುತ್ತಿದ್ದಳು. ನಮಗೆ ಅರ್ಥವಾಗುತ್ತಿತ್ತು, ಅದೇ ನಮ್ಮನ್ನು ಯಾಮಾರಿಸಿದ್ದು. ಸ್ಪೀಚ್ ಥೆರಪಿಸ್ಟ್ ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದರು. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ! 'ಸರಿಯಾಗಿ ಹೇಳು' ಎಂದು ಗದರಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಅವಳು 'ತಾದೆ' ಅಂದಾಗ ನಾವು ಸುಮ್ನೆ 'ಹೌದು, ಕಾಗೆ ಹಾರುತ್ತಿದೆ' ಅನ್ನುತ್ತಿದ್ದೆವು. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಈ ತೊಂದರೆ ಬರುತ್ತದೆ ಅನ್ನೋದಂತೂ ತಪ್ಪು.