ರಜೆಯ ಆದೇಶ

ಕಳೆದ ಮಳೆಗಾಲದ ಒಂದು ರಾತ್ರಿ, ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎಲ್ಲರೂ ಮೇಣದ ಬತ್ತಿಯ ಬೆಳಕಿನಲ್ಲಿ ಗಂಜಿ ಉಣ್ಣುತ್ತಿದ್ದಾಗ, ನನ್ನ ಮೊಬೈಲಿಗೆ ಜಿಲ್ಲಾಧಿಕಾರಿಗಳ ಆದೇಶವೊಂದು ಬಂದಿತು. ಭಾರೀ ಮಳೆಯ ಮುನ್ಸೂಚನೆ ಇರುವುದರಿಂದ ನಾಳೆ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ರಜೆ. ಲಾಂಛನ, ಸಹಿ, ಮೊಹರು ಎಲ್ಲವೂ ಇದ್ದುದರಿಂದ ಎರಡು ವಾಟ್ಸ್ಆ್ಯಪ್ ಗುಂಪುಗಳಿಗೆ ರವಾನಿಸಿ, ಆಮೇಲೆ ಮನೆಯವರಿಗೆ ಓದಿ ಹೇಳಿದೆ. ಏಳನೆಯ ತರಗತಿಯ ಅಣ್ಣನ ಮಗ ಎದ್ದು ಕುಣಿದ.

ಅತ್ತಿಗೆ ಮಾತ್ರ ಮೊಬೈಲನ್ನು ಕಸಿದುಕೊಂಡು, ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುವಷ್ಟೇ ನಿಷ್ಠುರವಾಗಿ, ಪರದೆಯನ್ನು ಎರಡು ಬೆರಳುಗಳಿಂದ ಹಿಗ್ಗಿಸಿದರು. ಇಸವಿಯ ಕೊನೆಯ ಅಂಕಿ ಉಳಿದವುಗಳಿಗಿಂತ ತುಸು ಕಪ್ಪಾಗಿತ್ತು. "15ನೇ ತಾರೀಕು ಸೋಮವಾರ ಅಂತ ಉಂಟಲ್ಲ, ನಾಳೆ ಮಂಗಳವಾರ ಅಲ್ವಾ ಮಾರಾಯ್ರೆ?" ಹಿಂದಿನ ವರ್ಷದ ಕಾಗದಕ್ಕೆ ಯಾರೋ ಹೊಸ ಇಸವಿ ಅಂಟಿಸಿದ್ದರು.

ಇಷ್ಟು ಸೂಕ್ಷ್ಮ ಕಣ್ಣಿನ ಅತ್ತಿಗೆಯೇ ಹಿಂದಿನ ವಾರ "ಚಿನ್ನದ ಬೆಲೆಯಲ್ಲಿ ಭಾರೀ ಕುಸಿತ, ಇಲ್ಲಿದೆ ಸಂಪೂರ್ಣ ಮಾಹಿತಿ" ಎಂಬ ಶೀರ್ಷಿಕೆಯನ್ನು ನಂಬಿ ಅಣ್ಣನನ್ನು ಹಂಪನಕಟ್ಟೆಯ ಚಿನ್ನದಂಗಡಿಗೆ ಎಳೆದೊಯ್ದಿದ್ದರು; ಕುಸಿದದ್ದು ಗ್ರಾಮಿಗೆ ಹತ್ತು ರೂಪಾಯಿ. ಈ "ಇಲ್ಲಿದೆ ಮಾಹಿತಿ" ಎಂಬ ಎರಡು ಪದಗಳ ಮೇಲೆ ನನಗಿರುವ ಸಿಟ್ಟು ಸಣ್ಣದಲ್ಲ. ನಾಲ್ಕು ಜಾಹೀರಾತುಗಳನ್ನು ದಾಟಿ ಕೆಳಗಿಳಿದರೂ ಅಲ್ಲಿ ಶೀರ್ಷಿಕೆಯನ್ನೇ ಮೂರು ಬಗೆಯಾಗಿ ತಿರುವಿ ಬರೆದಿರುತ್ತಾರೆಯೇ ಹೊರತು, ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದರ ಸುಳಿವೇ ಇರುವುದಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಇದೇ ಊರಿನಿಂದ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಅದನ್ನು ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಹೊರತರುತ್ತಿದ್ದರು. ಪ್ರತಿಯೊಂದು ಅಕ್ಷರಕ್ಕೂ ಕಲ್ಲಿನ ಮೇಲೆ ಜಾಗ ಹುಡುಕಬೇಕಾದವರಿಗೆ "ಇಲ್ಲಿದೆ ಮಾಹಿತಿ" ಎಂದು ಬರೆಯುವಷ್ಟು ಪುರುಸೊತ್ತು ಇದ್ದಿರಲಾರದು.

ಮರುದಿನ ಬೆಳಿಗ್ಗೆ ಏಳಕ್ಕೆ ಇನ್ನೊಂದು ಆದೇಶ ಬಂತು. ವಾರ, ತಾರೀಕು, ಇಸವಿ ಎಲ್ಲವೂ ಸರಿಯಾಗಿದ್ದವು. "ನಿಮ್ಮ ಮೊಬೈಲಿಗೆ ಬಂದದ್ದಲ್ವಾ" ಎಂದು ಅತ್ತಿಗೆ ಕಣ್ಣೆತ್ತಿಯೂ ನೋಡದೆ ಹುಡುಗನಿಗೆ ರೈನ್‌ಕೋಟು ತೊಡಿಸಿ ಕಳುಹಿಸಿದರು. ಅರ್ಧ ಗಂಟೆಯಲ್ಲಿ ಅವನು ಚೀಲದಿಂದ ನೀರು ತೊಟ್ಟಿಕ್ಕಿಸುತ್ತ ಮರಳಿ ಬಂದು, "ಗೇಟಿಗೆ ಬೀಗ ಉಂಟು" ಎಂದಷ್ಟೇ ಹೇಳಿ ಬಚ್ಚಲಿಗೆ ನಡೆದ. ಅಷ್ಟರಲ್ಲಿ ನನ್ನ ಎರಡು ಗುಂಪುಗಳಲ್ಲಿಯೂ, ರಾತ್ರಿಯೇ ಮಾಹಿತಿ ಕೊಟ್ಟದ್ದಕ್ಕಾಗಿ ನನಗೆ ಧನ್ಯವಾದಗಳು ಬಂದು ಬಿದ್ದಿದ್ದವು.