36 ನಿಮಿಷದ ತಾಯ್ತನ

ತಾಯ್ತನದ ಮೇಲೆ ಯಾರು ಬೇಕಾದರೂ ಆಲ್ಬಂ ಮಾಡಲಿ, ನನ್ನದೇನೂ ತಕರಾರಿಲ್ಲ. ಆದರೆ ಅದನ್ನು ತಾಯಂದಿರು ಯಾವಾಗ ಕೇಳಬೇಕು ಅನ್ನೋದನ್ನೂ ಸ್ವಲ್ಪ ಯೋಚಿಸಬೇಕಲ್ವಾ?

ಇಂಗ್ಲೆಂಡಿನ ಫೋಕ್ ಗಾಯಕಿ ಲಾರಾ ಮಾರ್ಲಿಂಗ್ 2024ರಲ್ಲಿ 'ಪ್ಯಾಟರ್ನ್ಸ್ ಇನ್ ರಿಪೀಟ್' ಅನ್ನೋ ಆಲ್ಬಂ ತಂದರು. ಅದರ ಹಿಂದಿನ ವರ್ಷ ಮಗಳು ಹುಟ್ಟಿದ್ದಳು. ಹಸುಗೂಸನ್ನು ಪಕ್ಕದಲ್ಲಿಟ್ಟುಕೊಂಡೇ ಹಾಡು ಬರೆದರು, ರೆಕಾರ್ಡಿಂಗೂ ಬಹುಪಾಲು ಲಂಡನ್ನಿನ ಮನೆಯ ಸ್ಟುಡಿಯೋದಲ್ಲೇ. ತಮಾಷೆ ಏನಪ್ಪಾ ಅಂದ್ರೆ, 2020ರಲ್ಲೇ ಆಕೆ 'ನಮ್ಮ ಮಗಳಿಗಾಗಿ' ಅಂತ ಒಂದು ಆಲ್ಬಂ ಮಾಡಿ ಮುಗಿಸಿದ್ದರು. ಆಗಿನ್ನೂ ಮಗಳೇ ಇರಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ.

ಇಡೀ ಆಲ್ಬಂ ಸುಮಾರು 36 ನಿಮಿಷ. ಟ್ರಾಫಿಕ್ ಇದ್ದ ದಿನ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ತಲುಪೋದಕ್ಕೂ ಸಾಲದು. ಆದರೆ ಪುಟ್ಟ ಮಗು ಇರುವ ಮನೆಯಲ್ಲಿ ಅಷ್ಟೂ ನಿಮಿಷ ಒಟ್ಟಿಗೆ ಸಿಗೋದಿಲ್ಲ, ಚಿಲ್ಲರೆಯಾಗಿ ಸಿಗುತ್ತದೆ.

ಮೊದಲ ಹಾಡಿನಲ್ಲಿ ಆ ಮಗುವಿನ ದನಿಯೂ ಇದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮಧ್ಯಾಹ್ನ ಪುಟ್ಟಿಯನ್ನು ತಟ್ಟಿ ತಟ್ಟಿ ಮಲಗಿಸಿ, ಕಾಲು ಚಾಚಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದೇ ತಡ, ಕಿವಿಯಲ್ಲಿ ಮಗು ಕೂಗಿದ ಹಾಗಾಯಿತು. ಹೆಡ್‌ಫೋನ್ ಎಸೆದು ರೂಮಿಗೆ ಓಡಿದೆ, ದಾರಿಯಲ್ಲಿ ಪುಟ್ಟಿಯೇ ಬಿಟ್ಟುಹೋಗಿದ್ದ ಸ್ಟೀಲ್ ಡಬ್ಬಿ ಕಾಲಿಗೆ ಸಿಕ್ಕಿ ಸೋಫಾದ ಕೆಳಗಿನವರೆಗೂ ಉರುಳಿಕೊಂಡು ಹೋಯಿತು, ಅಲ್ಲಿಯವರೆಗೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದ ನಮ್ಮ ಮಗು ಎದ್ದು ಕೂತು ಲಂಡನ್ ಮಗುವಿಗಿಂತ ಜೋರಾಗಿ ಕೂಗಿತು. ಅವತ್ತಿನ ಸಂಗೀತ ಅಲ್ಲಿಗೆ ಮುಗಿಯಿತು.

ಸರಿ, ಅಡುಗೆ ಮಾಡುತ್ತಾ ಕೇಳೋಣ ಅಂತ ಬ್ಲೂಟೂತ್ ಸ್ಪೀಕರ್ ಹಚ್ಚಿದೆ. ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಯಾರೇ ಇವಳು? ಮಗು ಕೂಗ್ತಾ ಇದೆ, ಎತ್ಕೊಳೋದು ಬಿಟ್ಟು ಗಿಟಾರ್ ಬಾರಿಸ್ತಾ ಕೂತಿದಾಳಲ್ಲ!" ಅಂದರು.

"ಅಳ್ತಾ ಇಲ್ಲ ಅತ್ತೆ, ಆಡ್ತಾ ಇದೆ."

"ಬಾಣಂತನ ಯಾರು ಮಾಡಿದ್ರಂತೆ?"

ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಮುಖ್ಯವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಈ ಆಲ್ಬಂನಲ್ಲಿ ಡ್ರಮ್ಸ್ ಇಲ್ಲ, ಅದೇ ಅದರ ಸೊಗಸು ಅಂತಾರೆ. ನಮ್ಮ ಮನೆಯಲ್ಲಿ ಆ ಕೊರತೆ ಕಾಣಲಿಲ್ಲ. ಕುಕ್ಕರ್ ವಿಷಲ್ ಇತ್ತು, ಮೇಲಿನ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದರು, ಕೆಳಗೆ ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಬಂತು. ಇಷ್ಟರಲ್ಲಿ ನಮ್ಮ ಯಜಮಾನರ ಫೋನು ತಾನಾಗೇ ಸ್ಪೀಕರಿಗೆ ಕನೆಕ್ಟ್ ಆಗಿ, ಲಾರಾ ಬಾಯಿ ಮುಚ್ಚಿದರು, ಇವರ ಮ್ಯಾನೇಜರ್ ಬಾಯಿ ತೆರೆದರು. ಡೆಡ್‌ಲೈನ್ ವಿಚಾರ. ಅತ್ತೆಗೆ ಇದು ಮಾತ್ರ ಹಾಡಿನ ಭಾಗ ಅಲ್ಲ ಅಂತ ತಕ್ಷಣ ಗೊತ್ತಾಯಿತು.

ಆಲ್ಬಂನಲ್ಲಿ ಲಾರಾ ಅವರ ಅಪ್ಪ ಹರೆಯದಲ್ಲಿ ಬರೆದಿಟ್ಟಿದ್ದ ಒಂದು ಹಾಡೂ ಇದೆ. ನಮ್ಮಪ್ಪ ಹರೆಯದಲ್ಲಿ ಬರೆದಿಟ್ಟಿದ್ದು ಹಾಲಿನ ಲೆಕ್ಕ.

ನಮ್ಮ ಹೆಣ್ಣುಮಕ್ಕಳು ಈ ವಿಷಯದಲ್ಲಿ ಜಾಣೆಯರು. ಹಲಸಂಗಿ ಗೆಳೆಯರು ಸಂಗ್ರಹಿಸಿದ ಗರತಿಯರ ಹಾಡುಗಳಲ್ಲಿ ಕೂಸಿನ ಮೇಲೆ ಎಷ್ಟೊಂದು ತ್ರಿಪದಿಗಳಿವೆ ನೋಡಿ. ಬೀಸೋ ಕಲ್ಲಿನ ಮುಂದೆ ಕೂತು, ಕೈಗೆ ಕೆಲಸ ಕೊಟ್ಟು ಹಾಡಿಕೊಂಡಿದ್ದು. ಸ್ಟುಡಿಯೋನೂ ಬೇಡ, 36 ನಿಮಿಷವೂ ಬೇಡ. ಮೂರೇ ಸಾಲು. ಯಾಕೆ ಮೂರೇ ಅನ್ನೋದಕ್ಕೆ ಛಂದಸ್ಸಿನವರು ಏನು ಬೇಕಾದರೂ ಹೇಳಲಿ, ನಾಲ್ಕನೇ ಸಾಲಿಗೆ ಕೂಸು ಎದ್ದಿರಬೇಕು ಅಂತ ನನ್ನ ಗುಮಾನಿ.

ಲಾರಾ ಆಲ್ಬಂನಲ್ಲಿ ಜೋಗುಳ ಬರೋದು ಒಂಬತ್ತನೇ ಹಾಡಾಗಿ. ಅದನ್ನಾದರೂ ಕೇಳಲೇಬೇಕು ಅಂತ ಒಂದು ರಾತ್ರಿ ಸ್ಪೀಕರ್ ಸಣ್ಣಗೆ ಇಟ್ಟು, ಪುಟ್ಟಿಯನ್ನು ತೊಡೆ ಮೇಲೆ ಹಾಕಿಕೊಂಡು, ಈ ಸಲ ನೇರವಾಗಿ ಅಲ್ಲಿಗೇ ಹೋಗದೆ ಶಿಸ್ತಾಗಿ ಮೊದಲಿಂದ ಶುರು ಮಾಡಿದೆ. ಎರಡನೇ ಹಾಡು ಮುಗಿದದ್ದು ನೆನಪಿದೆ. ಆಮೇಲೆ ಬೆಳಗಾಗಿತ್ತು.

ನಾನು ಗೊರಕೆ ಹೊಡೆಯೋದು ಕೇಳಿ ಅತ್ತೆ ಬಂದು ಮಗುವನ್ನು ಎತ್ತಿಕೊಂಡರಂತೆ. ಸ್ಪೀಕರ್ ಆಫ್ ಮಾಡೋದು ಗೊತ್ತಾಗಲಿಲ್ಲವಂತೆ. ಹಾಗಾಗಿ ನಮ್ಮ ಮನೆಯಲ್ಲಿ ಆ ಆಲ್ಬಂ ಕೊನೆಯವರೆಗೆ ಕೇಳಿರುವವರು ಅವರೊಬ್ಬರೇ.

"ಹೆಂಗಿತ್ತು ಅತ್ತೆ?" ಅಂತ ಕಾಫಿ ಕೊಡುತ್ತಾ ಕೇಳಿದೆ.

"ಜೋಗುಳ ಚೆನ್ನಾಗಿ ಹಾಡ್ತಾಳೆ ಕಣೇ. ಆದ್ರೆ ಕೊನೇಲಿ ಮತ್ತೆ ಅದೇ ರಾಗ ಬರುತ್ತೆ, ಬರೀ ವಾದ್ಯ, ಮಾತೇ ಇಲ್ಲ. ಪಾಪ, ಅವಳಿಗೂ ನಿದ್ದೆ ಬಂದಿರ್ಬೇಕು."